ಕುರ್ಚಿಯಲ್ಲಿ ಕುಳಿತವನು

ಸ್ಕೋರು 14-14. ಅಷ್ಟರಲ್ಲಿ ಕರೆಂಟ್ ಹೋಯಿತು.

2024ರ ಜೂನ್ ತಿಂಗಳ ಮಾತು. ಹಾಸನದಲ್ಲಿ ಮಳೆ ಆಗಷ್ಟೇ ಹಿಡಿದುಕೊಂಡಿತ್ತು. ಮನೆಯವರೆಲ್ಲ ಮಲಗಿದ್ದರು. ನಾನೊಬ್ಬ ಹಾಲಿನಲ್ಲಿ ಕಂಬಳಿ ಹೊದ್ದುಕೊಂಡು, ಟೀಪಾಯಿ ಮೇಲಿದ್ದ ನೀರಿನ ಚೊಂಬಿಗೆ ಫೋನ್ ಒರಗಿಸಿಟ್ಟುಕೊಂಡು, ಸೌದಿ ಅರೇಬಿಯಾದ ಜೆಡ್ಡಾದಲ್ಲಿ ನಡೆಯುತ್ತಿದ್ದ ವಿಶ್ವ ಪೂಲ್ ಚಾಂಪಿಯನ್‌ಶಿಪ್‌ನ ಫೈನಲ್ ನೋಡುತ್ತಿದ್ದೆ. ಒಂದು ಕಡೆ ಫ್ಯೋದರ್ ಗೋರ್ಸ್ಟ್. ಮಾಸ್ಕೋದಲ್ಲಿ ಹುಟ್ಟಿ ಈಗ ಅಮೆರಿಕದ ಪರ ಆಡುವ ಹುಡುಗ. ಇನ್ನೊಂದು ಕಡೆ ಅಲ್ಬೇನಿಯಾದ ಎಕ್ಲೆಂಟ್ ಕಾಚಿ. 128 ಜನ ಶುರು ಮಾಡಿದ ಟೂರ್ನಿಯಲ್ಲಿ ಉಳಿದವರು ಇವರಿಬ್ಬರು. ಮೊದಲು 15 ರ್ಯಾಕ್, ಅಂದರೆ 15 ಸುತ್ತು, ಗೆದ್ದವನಿಗೆ ಪಟ್ಟ, ಜೊತೆಗೆ 2,50,000 ಡಾಲರ್. ಇಬ್ಬರೂ 14ಕ್ಕೆ ಬಂದು ನಿಂತಿದ್ದಾರೆ. ಇನ್ನು ಒಂದೇ ರ್ಯಾಕ್.

ಕರೆಂಟ್ ಹೋದರೆ ವೈಫೈ ಹೋಗುತ್ತದೆ. ಆ ಮಳೆಗೆ ಫೋನಿನ ನೆಟ್‌ವರ್ಕ್ ಕೂಡ ಒಂದೇ ಕಡ್ಡಿಗೆ ಇಳಿದಿತ್ತು. ಪರದೆ ಮೇಲೆ ಒಂದು ಉಂಗುರ ತಿರುಗುತ್ತಾ ನಿಂತಿತು. ಕಿಟಕಿ ಹತ್ತಿರ ಹೋದೆ, ಬಾಗಿಲ ಹತ್ತಿರ ಹೋದೆ, ಮೆಟ್ಟಿಲ ಮೇಲೆ ನಿಂತೆ. ಏನೂ ಆಗಲಿಲ್ಲ. ವಾಪಸ್ ಬಂದು ಕತ್ತಲೆಯಲ್ಲಿ ಕುಳಿತೆ. ಆಗ ಅನ್ನಿಸಿತು, ಅಲ್ಲಿ ಜೆಡ್ಡಾದಲ್ಲೂ ಇಬ್ಬರಲ್ಲಿ ಒಬ್ಬ ಈಗ ಹೀಗೇ ಕುಳಿತಿರುತ್ತಾನೆ. ಕೈಯಲ್ಲಿ ಕೋಲು ಇರುತ್ತದೆ, ಮಾಡೋದಕ್ಕೆ ಏನೂ ಇರುವುದಿಲ್ಲ.

ಆ ರಾತ್ರಿಯಿಂದ ನನಗೆ ಈ ಆಟದಲ್ಲಿ ಟೇಬಲ್ಲಿಗಿಂತ ಕುರ್ಚಿ ಮೇಲೇ ಕಣ್ಣು ಜಾಸ್ತಿ ಹೋಗುತ್ತದೆ.

ಪೂಲ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳಿಬಿಡುತ್ತೇನೆ. ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಆಡುವುದು ನೈನ್ ಬಾಲ್. 9 ಅಡಿ ಉದ್ದದ ಟೇಬಲ್, ಆರು ಪಾಕೆಟ್, 1ರಿಂದ 9ರವರೆಗೆ ನಂಬರ್ ಇರುವ ಬಾಲ್‌ಗಳು, ಹೊಡೆಯಲು ಒಂದು ಬಿಳಿ ಬಾಲ್. ಟೇಬಲ್ ಮೇಲೆ ಇರುವುದರಲ್ಲಿ ಯಾವುದು ಚಿಕ್ಕ ನಂಬರೋ ಅದಕ್ಕೇ ಬಿಳಿ ಬಾಲ್ ಮೊದಲು ತಾಗಬೇಕು. 9 ಹಾಕಿದವನು ಆ ರ್ಯಾಕ್ ಗೆದ್ದ ಹಾಗೆ. ಕೇರಂ ಆಡಿದವರಿಗೆ ಇದು ಬೇಗ ಹತ್ತುತ್ತದೆ. ಆದರೆ ಒಂದು ದೊಡ್ಡ ವ್ಯತ್ಯಾಸ ಇದೆ. ಕೇರಂನಲ್ಲಿ ಕಾಯಿ ಬಿದ್ದ ಮೇಲೆ ಸ್ಟ್ರೈಕರ್ ಎತ್ತಿ ನಮ್ಮ ಗೆರೆ ಮೇಲೆ ಬೇಕಾದ ಕಡೆ ಇಟ್ಟುಕೊಳ್ಳುತ್ತೇವೆ. ಪೂಲ್‌ನಲ್ಲಿ ಬಿಳಿ ಬಾಲ್ ಎಲ್ಲಿ ನಿಂತಿತೋ ಅಲ್ಲಿಂದಲೇ ಮುಂದಿನದು. ಆದ್ದರಿಂದ 3 ಹಾಕುವಾಗ 4 ಎಲ್ಲಿದೆ ಅಂತ ನೋಡಿರಬೇಕು, 4ಕ್ಕೆ ಯಾವ ಕಡೆಯಿಂದ ಬಂದರೆ 5 ಸಲೀಸು ಅಂತಲೂ ಗೊತ್ತಿರಬೇಕು. ಬಾಲ್ ಪಾಟ್ ಮಾಡುವುದು, ಅಂದರೆ ಪಾಕೆಟ್ಟಿಗೆ ಹಾಕುವುದು, ಆರು ತಿಂಗಳಲ್ಲಿ ಬರುತ್ತದೆ. ಬಿಳಿ ಬಾಲನ್ನು ಹೇಳಿದ ಜಾಗದಲ್ಲಿ ನಿಲ್ಲಿಸುವುದಕ್ಕೆ ವರ್ಷಗಟ್ಟಲೆ ಬೇಕು.

ಜೋಡಿಸಿಟ್ಟ ಬಾಲ್‌ಗಳನ್ನು ಚದುರಿಸುವ ಮೊದಲ ಹೊಡೆತಕ್ಕೆ ಬ್ರೇಕ್ ಅಂತಾರೆ. ಜೆಡ್ಡಾದಲ್ಲಿ ರ್ಯಾಕ್ ಗೆದ್ದವನದೇ ಮುಂದಿನ ಬ್ರೇಕ್. ಅಂದರೆ ಒಬ್ಬ ಬ್ರೇಕ್ ಮಾಡಿ, ಒಂದೂ ತಪ್ಪದೆ 9ರವರೆಗೆ ತೆಗೆದು, ಮತ್ತೆ ಬ್ರೇಕ್ ಮಾಡಿ, ಮತ್ತೆ ತೆಗೆದು ಹೋಗುತ್ತಲೇ ಇದ್ದರೆ ಇನ್ನೊಬ್ಬ ಎದ್ದೇಳುವ ಹಾಗೇ ಇಲ್ಲ. ಟೆನಿಸ್‌ನಲ್ಲಿ ಎಷ್ಟೇ ಸೋಲುತ್ತಿರಲಿ, ಬಾಲ್ ನಮ್ಮ ಕಡೆಗೂ ಬರುತ್ತದೆ. ಕುಸ್ತಿಯಲ್ಲಿ ಕೆಳಗೆ ಬಿದ್ದವನೂ ಕೊಸರಾಡಬಹುದು. ಚೆಸ್‌ನಲ್ಲಿ ಒಂದು ನಡೆ ಅವರದು, ಒಂದು ನಮ್ಮದು. ಪೂಲ್‌ನಲ್ಲಿ ಎದುರಾಳಿ ಚೆನ್ನಾಗಿ ಆಡುತ್ತಿದ್ದರೆ ನೀವು ನೋಡುತ್ತಾ ಕುಳಿತಿರಬೇಕು, ಅಷ್ಟೇ. 1996ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಒಂದು ಟೂರ್ನಿ ನಡೆಯಿತು. ಸತತ 10 ರ್ಯಾಕ್ ತೆಗೆದವರಿಗೆ 10 ಲಕ್ಷ ಡಾಲರ್ ಅಂತ ಇಟ್ಟಿದ್ದರು. ಅರ್ಲ್ ಸ್ಟ್ರಿಕ್ಲ್ಯಾಂಡ್ ಅದನ್ನು ಮಾಡಿಯೇ ಬಿಟ್ಟ. ಎಲ್ಲರೂ ಅವನ ಕಥೆ ಹೇಳುತ್ತಾರೆ. ನನಗೆ ಮಾತ್ರ ಅಷ್ಟೂ ಹೊತ್ತು ಪಕ್ಕದಲ್ಲಿ ಕುಳಿತಿದ್ದವನ ನೆನಪೇ ಬರುತ್ತದೆ.

ಇದನ್ನು ನನಗೆ ಮೊದಲು ತೋರಿಸಿಕೊಟ್ಟವರು ನಮ್ಮ ದೊಡ್ಡಪ್ಪ. ಅವರು ಸಕಲೇಶಪುರದ ಕಡೆ ಒಂದು ಪ್ಲಾಂಟರ್ಸ್ ಕ್ಲಬ್ಬಿನಲ್ಲಿ ಮಾರ್ಕರ್ ಆಗಿದ್ದರು. ಮಾರ್ಕರ್ ಅಂದರೆ ಬಿಲಿಯರ್ಡ್ಸ್ ಕೋಣೆಯ ಎಲ್ಲ ಕೆಲಸ ನೋಡಿಕೊಳ್ಳುವವನು. ಸ್ಕೋರ್ ಹಾಕುವುದು, ಬಾಲ್ ಎತ್ತಿಡುವುದು, ಕೋಲಿನ ತುದಿಗೆ ಚರ್ಮ ಅಂಟಿಸುವುದು, ಜೊತೆಗೆ ಯಾರೂ ಸಿಗದಿದ್ದರೆ ಮೆಂಬರ್ ಜೊತೆ ತಾನೇ ಆಡುವುದು. ಕಾಫಿ ತೋಟದ ಬ್ರಿಟಿಷರು ಬಿಟ್ಟುಹೋದ ವ್ಯವಸ್ಥೆ ಇದು. ಪೂಲ್‌ನ ಹಾಗೇ ಕೋಲು ಹಿಡಿದು ಆಡುವ ಸ್ನೂಕರ್ ಅನ್ನೋ ಆಟ ಹುಟ್ಟಿದ್ದೇ ನಮ್ಮ ದೇಶದಲ್ಲಿ, 1875ರಲ್ಲಿ ಜಬಲ್ಪುರದ ಸೈನ್ಯದ ಮೆಸ್‌ನಲ್ಲಿ. ಅದರ ನಿಯಮ ಬರೆದು ಗೋಡೆಗೆ ಹಾಕಿದ್ದು ಊಟಿಯ ಕ್ಲಬ್ಬಿನಲ್ಲಿ. ಬೆಟ್ಟದ ಊರು, ಮಳೆ, ಮಾಡೋದಕ್ಕೆ ಬೇರೆ ಕೆಲಸ ಇಲ್ಲದ ಸಂಜೆಗಳು. ಸಕಲೇಶಪುರಕ್ಕೂ ಅದೇ ಹವೆ ಅಲ್ವಾ?

ರಜೆಯಲ್ಲಿ ದೊಡ್ಡಪ್ಪನ ಜೊತೆ ಹೋಗುತ್ತಿದ್ದೆ. ಮಧ್ಯಾಹ್ನ ಮೆಂಬರ್‌ಗಳು ಬರುವ ಮೊದಲು ಅವರು ಟೇಬಲ್ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದರು. ಹೌದು, ಇಸ್ತ್ರಿ. 12 ಅಡಿ ಟೇಬಲ್ಲಿಗೆ. ಮೊದಲು ಬ್ರಷ್ ಹಿಡಿದು ಒಂದೇ ದಿಕ್ಕಿಗೆ ಉಜ್ಜುವುದು, ಬ್ರೇಕ್ ಮಾಡುವ ತುದಿಯಿಂದ ಕಪ್ಪು ಬಾಲಿನ ತುದಿಗೆ. ಆ ಬಟ್ಟೆಗೆ ಬೆಕ್ಕಿನ ಮೈಯ ಹಾಗೆ ಕೂದಲ ದಿಕ್ಕು ಇರುತ್ತದೆ, ಉಲ್ಟಾ ಉಜ್ಜಿದರೆ ಕೆಡುತ್ತದೆ. ಆಮೇಲೆ ಭಾರದ ಇಸ್ತ್ರಿಪೆಟ್ಟಿಗೆ ತಂದು ಹಳೇ ನ್ಯೂಸ್ ಪೇಪರ್ ಮೇಲೆ ಒಂದು ಸಲ ಒತ್ತಿ ನೋಡುತ್ತಿದ್ದರು. ಪೇಪರ್ ಕಂದು ಬಣ್ಣಕ್ಕೆ ತಿರುಗಿದರೆ ಶಾಖ ಜಾಸ್ತಿ, ಕಾಯಬೇಕು. ತಿರುಗದಿದ್ದರೆ ಸರಿ. ಆಗ ಒಂದೇ ಉಸಿರಿನಲ್ಲಿ, ಎಲ್ಲೂ ನಿಲ್ಲಿಸದೆ, ಈ ತುದಿಯಿಂದ ಆ ತುದಿಗೆ ಎಳೆದುಕೊಂಡು ಹೋಗುತ್ತಿದ್ದರು. ಕಾದ ಉಣ್ಣೆಯ ವಾಸನೆ ಈಗಲೂ ಮೂಗಿನಲ್ಲಿ ಇದೆ.

ಆಟ ಶುರುವಾದ ಮೇಲೆ ನಾನು ಬಾಗಿಲ ಹೊರಗೆ ನಿಂತು ಇಣುಕುತ್ತಿದ್ದೆ. ಒಂದು ದಿನ ಮನೆಗೆ ಹೋಗುವಾಗ ದೊಡ್ಡಪ್ಪ ಕೇಳಿದರು, "ಏನು ನೋಡ್ತಿದ್ದೆ?" ಆಡುವವರನ್ನು ಅಂದೆ. "ಆಡೋನನ್ನ ಎಲ್ಲರೂ ನೋಡ್ತಾರೆ ಮಗಾ. ಕೂತೋನ ಕೈ ನೋಡು. ಸೋಲೋದು ಅಲ್ಲಿ ಮೊದ್ಲು ಗೊತ್ತಾಗತ್ತೆ."

ಆಮೇಲಿನ ಸಲ ಹೋದಾಗ ನೋಡಿದೆ. ನಿಜ. ಕುಳಿತವರಲ್ಲಿ ಒಬ್ಬರು ಕೋಲನ್ನು ಟವೆಲ್‌ನಿಂದ ಒರೆಸುತ್ತಲೇ ಇರುತ್ತಾರೆ, ಒರೆಸಿದ್ದನ್ನೇ ಒರೆಸುತ್ತಾರೆ. ಒಬ್ಬರು ಕೋಲಿನ ತುದಿಗೆ ಚಾಕ್ ತಿಕ್ಕುತ್ತಲೇ ಇರುತ್ತಾರೆ, ಹೊಡೆಯುವ ಸರದಿ ಬಂದಿಲ್ಲದಿದ್ದರೂ. ಒಬ್ಬರು ಮಾತ್ರ ಕೋಲನ್ನು ಎರಡು ಮೊಣಕಾಲಿನ ನಡುವೆ ನಿಲ್ಲಿಸಿಕೊಂಡು, ಅದರ ಮೇಲೆ ಕೈ ಇಟ್ಟು, ಸುಮ್ನೆ ಟೇಬಲ್ ನೋಡುತ್ತಿರುತ್ತಾರೆ. ಸರದಿ ಬಂದಾಗ ಎದ್ದು ಸರಿಯಾಗಿ ಆಡುವವರು ಅವರೇ.

ಇಷ್ಟೆಲ್ಲ ಗೊತ್ತಿದ್ದೂ ನಾನು ಅದೇ ಕುರ್ಚಿಯಲ್ಲಿ ಕುಳಿತು ಸೋತಿದ್ದೇನೆ. ಹಾಸನದ ಸಾಲಗಾಮೆ ರಸ್ತೆಯಲ್ಲಿ, ಎರಡನೇ ಮಹಡಿಯ ಮೇಲೆ, ಮೂರು ಟೇಬಲ್ಲಿನ ಒಂದು ಪಾರ್ಲರ್ ಇತ್ತು. ಕಾಲೇಜು ಮುಗಿದ ಮೇಲೂ ನಾನು ಅಲ್ಲಿಗೆ ಹೋಗುವುದು ಬಿಟ್ಟಿರಲಿಲ್ಲ. ಒಂದು ವರ್ಷ ಅವರು ಟೂರ್ನಿ ಇಟ್ಟರು. ಹಾಸನ, ಅರಸೀಕೆರೆ, ಚನ್ನರಾಯಪಟ್ಟಣ, ಬೇಲೂರಿನ ಹುಡುಗರು ಬಂದಿದ್ದರು. ನೈನ್ ಬಾಲ್, ಫೈನಲ್‌ನಲ್ಲಿ 7 ರ್ಯಾಕ್. ನನ್ನ ಎದುರು ಅರಸೀಕೆರೆ ಕಡೆಯ ಒಬ್ಬ ಹುಡುಗ, ಮಾತೇ ಆಡದವನು. ನಾನು 5-2 ಮುಂದೆ ಇದ್ದೆ. ಎಂಟನೇ ರ್ಯಾಕ್‌ನಲ್ಲಿ 6 ನಂಬರ್ ಬಾಲ್ ಸೈಡ್ ಪಾಕೆಟ್ ಹತ್ತಿರ ನಿಂತಿತ್ತು, ಒಂದು ಗೇಣು ದೂರ. ಕಣ್ಣು ಮುಚ್ಚಿ ಹಾಕಬಹುದಾದ ಬಾಲ್. 7 ಮಾತ್ರ ಆ ಕಡೆಯ ಕುಷನ್‌ಗೆ, ಅಂದರೆ ಟೇಬಲ್ ಅಂಚಿನ ರಬ್ಬರ್ ದಿಂಬಿಗೆ, ಅಂಟಿಕೊಂಡಿತ್ತು. ಅಲ್ಲಿಗೆ ಬಿಳಿ ಬಾಲನ್ನು ಹೇಗೆ ಕಳಿಸಲಿ ಅಂತ ಲೆಕ್ಕ ಹಾಕುತ್ತಾ ಸೈಡ್ ಹಾಕಿ, ಅಂದರೆ ಬಿಳಿ ಬಾಲಿಗೆ ಪಕ್ಕದಿಂದ ತಿರುವು ಕೊಟ್ಟು, ಹೊಡೆದೆ. ಅದು ಮಳೆಗಾಲ, ಬಟ್ಟೆ ತೇವ ಎಳೆದುಕೊಂಡು ನಿಧಾನ ಆಗಿತ್ತು, ಬಾಲ್ ಅರ್ಧ ಬೆರಳು ಬಾಗಿತು. 6 ಪಾಕೆಟ್ಟಿನ ಎರಡೂ ದವಡೆಗೆ ತಾಗಿ ಬಾಯಲ್ಲೇ ನಿಂತಿತು.

ಹೋಗಿ ಕುಳಿತೆ. ಬಿಳಿ ಪ್ಲಾಸ್ಟಿಕ್ ಕುರ್ಚಿ, ಹಿಂದಿನ ಒಂದು ಕಾಲು ಸೀಳು ಬಿಟ್ಟಿತ್ತು. ಆಮೇಲೆ ಆ ಹುಡುಗ ಸತತ ಐದು ರ್ಯಾಕ್ ತೆಗೆದುಕೊಂಡ. ಅಷ್ಟರಲ್ಲಿ ನಾನು ಕುರ್ಚಿ ಬಿಟ್ಟು ಎದ್ದದ್ದು ಎರಡೇ ಸಲ, ಎರಡು ಸಲವೂ ಬಿಳಿ ಬಾಲ್ ಬೇರೆ ಬಾಲ್‌ಗಳ ಹಿಂದೆ ಅಡಗಿತ್ತು. 7-5. ಕೈ ನೋಡಿಕೊಂಡರೆ ಹೆಬ್ಬೆರಳು ಪೂರ್ತಿ ನೀಲಿ. ಕೂತಲ್ಲೇ ಒಂದು ಚಾಕ್ ಅರ್ಧ ಸವೆಸಿದ್ದೆ.

ಸೋತಿದ್ದು 6 ಹಾಕಲಿಲ್ಲ ಅಂತ ಅಲ್ಲ. 5-3 ಆದಾಗಲೂ ನಾನೇ ಮುಂದಿದ್ದೆ. ಕುರ್ಚಿಯಲ್ಲಿ ಕುಳಿತು ಆ 6ನ್ನೇ ಮತ್ತೆ ಮತ್ತೆ ಹೊಡೆಯುತ್ತಿದ್ದೆನಲ್ಲ, ಅದಕ್ಕೆ ಸೋತೆ. ಎದ್ದು ಬಂದಾಗ ಎದುರಿಗಿದ್ದ ಬಾಲ್ ನನಗೆ ಕಾಣಲೇ ಇಲ್ಲ.

ದೊಡ್ಡ ಆಟಗಾರರನ್ನು ಈ ಕಣ್ಣಿನಿಂದ ನೋಡಲು ಶುರು ಮಾಡಿದ ಮೇಲೆ ಅವರ ಮೇಲೆ ಇನ್ನೂ ಗೌರವ ಬಂತು. ಶೇನ್ ವ್ಯಾನ್ ಬೋನಿಂಗ್ ಅಮೆರಿಕದ ಆಟಗಾರ. ಹುಟ್ಟಿನಿಂದಲೇ ಕಿವಿ ಸರಿಯಾಗಿ ಕೇಳುವುದಿಲ್ಲ, ಶ್ರವಣಯಂತ್ರ ಹಾಕಿಕೊಂಡೇ ಆಡುತ್ತಾನೆ. 2016ರ ವಿಶ್ವ ಚಾಂಪಿಯನ್‌ಶಿಪ್ ಫೈನಲ್‌ನಲ್ಲಿ ಆಸ್ಟ್ರಿಯಾದ ಆಲ್ಬಿನ್ ಔಷಾನ್ ಎದುರು 13-6ರಲ್ಲಿ ಸೋತ. ಆರು ವರ್ಷ ಆದ ಮೇಲೆ, 2022ರಲ್ಲಿ, ಇಂಗ್ಲೆಂಡಿನ ಮಿಲ್ಟನ್ ಕೀನ್ಸ್‌ನಲ್ಲಿ ಮತ್ತೆ ಅದೇ ಫೈನಲ್, ಎದುರಿಗೆ ಮತ್ತೆ ಅದೇ ಔಷಾನ್. ಈ ಸಲ ವ್ಯಾನ್ ಬೋನಿಂಗ್ ಗೆದ್ದ. ಸ್ಕೋರ್ 13-6. ಅದೇ ಅಂಕಿ, ಕುರ್ಚಿ ಅದಲು ಬದಲು! ಪೂಲ್‌ನ ಯುಎಸ್ ಓಪನ್ ಐದು ಸಲ ಗೆದ್ದವನಿಗೆ ವಿಶ್ವ ಪಟ್ಟ ಒಂದು ಬಾಕಿ ಇತ್ತು. ಅದನ್ನು ಕಾದು ತೆಗೆದುಕೊಂಡ.

ಇನ್ನೊಬ್ಬ ನನಗೆ ತುಂಬಾ ಇಷ್ಟದವನು, ಫಿಲಿಪೈನ್ಸ್‌ನ ಕಾರ್ಲೋ ಬಿಯಾಡೊ. ಪೂಲ್‌ನಲ್ಲಿ ಹೆಸರು ಮಾಡುವ ಮೊದಲು ಗಾಲ್ಫ್ ಮೈದಾನದಲ್ಲಿ ಬೇರೆಯವರ ಬ್ಯಾಗ್ ಹೊರುತ್ತಿದ್ದ. 2017ರಲ್ಲಿ ವಿಶ್ವ ಚಾಂಪಿಯನ್ ಆದ. 2021ರ ಯುಎಸ್ ಓಪನ್ ಫೈನಲ್‌ನಲ್ಲಿ ಸಿಂಗಾಪುರದ ಅಲೋಶಿಯಸ್ ಯಾಪ್ ಎದುರು 3-8 ಹಿಂದೆ ಬಿದ್ದಿದ್ದ. 13ಕ್ಕೆ ಆಟ. ಅಲ್ಲಿಂದ ಸತತ 10 ರ್ಯಾಕ್ ಗೆದ್ದು 13-8ಕ್ಕೆ ಮುಗಿಸಿದ. ಎಂಟು ರ್ಯಾಕ್ ಕೈತಪ್ಪಿದರೂ ತಲೆ ಕೆಡಿಸಿಕೊಳ್ಳದವನು ಮಾತ್ರ ಇದನ್ನು ಮಾಡಬಲ್ಲ. ನಾನು ಆ ಪಂದ್ಯವನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕ ಇಲ್ಲ, ಮನೆಯಲ್ಲಿ ಅವನ ಮುಖ ಎಲ್ಲರಿಗೂ ಪರಿಚಯ.

ಫಿಲಿಪೈನ್ಸ್‌ನವರ ಬಗ್ಗೆ ಯೋಚಿಸಿದಾಗೆಲ್ಲ ನನಗೆ ನಮ್ಮ ಊರಿನ ಪಾರ್ಲರ್‌ಗಳು ನೆನಪಾಗುತ್ತವೆ. ನಮ್ಮ ದೇಶದಲ್ಲಿ ಬಿಲಿಯರ್ಡ್ಸ್, ಸ್ನೂಕರ್‌ಗೆ ದೊಡ್ಡ ಹೆಸರಿದೆ. 1958ರಲ್ಲೇ ವಿಲ್ಸನ್ ಜೋನ್ಸ್ ವಿಶ್ವ ಚಾಂಪಿಯನ್ ಆದರು. ನಮ್ಮ ಬೆಂಗಳೂರಿನ ಪಂಕಜ್ ಅಡ್ವಾಣಿ ಗೆದ್ದ ವಿಶ್ವ ಪಟ್ಟಗಳು ಎರಡು ಡಜನ್ ದಾಟಿವೆ. ಸರ್ಕಾರಿ ಕಚೇರಿಯಲ್ಲಿ ಟೈಪಿಸ್ಟ್ ಆಗಿದ್ದ ಆರ್. ಉಮಾದೇವಿ ಟೇಬಲ್ ಟೆನಿಸ್ ಸರದಿಗೆ ಕಾಯುತ್ತಾ ಪಕ್ಕದ ಟೇಬಲ್ಲಿನಲ್ಲಿ ಬಿಲಿಯರ್ಡ್ಸ್ ಶುರು ಮಾಡಿ, 2012ರಲ್ಲಿ ಮಹಿಳೆಯರ ವಿಶ್ವ ಬಿಲಿಯರ್ಡ್ಸ್ ಗೆದ್ದರು. ಇವೆಲ್ಲ ಹೆಮ್ಮೆಯ ವಿಷಯ. ಆದರೆ ಇದೆಲ್ಲ ಹೆಚ್ಚಾಗಿ ಕ್ಲಬ್ಬು, ಅಸೋಸಿಯೇಷನ್ನಿನ ಒಳಗೆ ಬೆಳೆದದ್ದು. 12 ಅಡಿ ಟೇಬಲ್ ಇಡಲು ಜಾಗ ಬೇಕು, ಬಟ್ಟೆ ನೋಡಿಕೊಳ್ಳಲು ನಮ್ಮ ದೊಡ್ಡಪ್ಪನಂಥವರು ಬೇಕು, ಒಳಗೆ ಹೋಗಲು ಮೆಂಬರ್‌ಶಿಪ್ ಬೇಕು.

ಫಿಲಿಪೈನ್ಸ್‌ನಲ್ಲಿ ಪೂಲ್ ಬೆಳೆದದ್ದು ಬೀದಿಯಲ್ಲಿ. ಎಫ್ರೆನ್ ರೇಯಸ್, ಈ ಆಟದಲ್ಲಿ ಅವರಿಗಿಂತ ದೊಡ್ಡವರಿಲ್ಲ ಅಂತ ನನ್ನ ಅಭಿಪ್ರಾಯ, ಮನಿಲಾದಲ್ಲಿ ಮಾವನ ಪೂಲ್ ಹಾಲಿನಲ್ಲಿ ಬೆಳೆದ ಹುಡುಗ. ಟೇಬಲ್ ಎಟುಕದೆ ಸೋಡಾ ಬಾಟಲಿನ ಪೆಟ್ಟಿಗೆಗಳ ಮೇಲೆ ನಿಂತು ಆಡಿದವರು, ರಾತ್ರಿ ಟೇಬಲ್ ಮೇಲೇ ಮಲಗಿದವರು. 1999ರಲ್ಲಿ ಅವರೇ ವಿಶ್ವ ಚಾಂಪಿಯನ್. 1995ರಲ್ಲಿ ಅಮೆರಿಕದ ರೀನೋದಲ್ಲಿ ಸ್ಟ್ರಿಕ್ಲ್ಯಾಂಡ್ ಎದುರು ಕೊನೆಯ ರ್ಯಾಕ್‌ನಲ್ಲಿ, ಬಾಲ್ ನೇರವಾಗಿ ಕಾಣದೆ ಸಿಕ್ಕಿಕೊಂಡಾಗ, ಎರಡು ಕುಷನ್‌ಗೆ ತಾಗಿಸಿ ತಂದು ಹಾಕಿದ ಅವರ ಹೊಡೆತವನ್ನು ಪೂಲ್ ಆಡುವವರು ಇವತ್ತಿಗೂ ಹುಡುಕಿ ನೋಡುತ್ತಾರೆ. ಅಂಥ ಹೊಡೆತ ಕ್ಲಬ್ಬಿನ ಕೋಚ್ ಹೇಳಿಕೊಡುವಂಥದ್ದಲ್ಲ. ಇಡೀ ದಿನ ಟೇಬಲ್ ಪಕ್ಕದಲ್ಲೇ ಬದುಕಿದವರಿಗೆ ಮಾತ್ರ ಬರುತ್ತದೆ.

ನಮ್ಮ ಸಾಲಗಾಮೆ ರಸ್ತೆಯ ಮಹಡಿ ಆ ಮನಿಲಾ ಹಾಲಿಗೇ ಹತ್ತಿರ, ಯಾವ ಕ್ಲಬ್ಬಿಗೂ ಅಲ್ಲ. ಆದರೆ ಅದನ್ನು ಮುಚ್ಚಿಸಿದರು. ಹುಡುಗರು ಕಾಲೇಜು ಬಿಟ್ಟು ಬರುತ್ತಾರೆ, ಸಿಗರೇಟು, ಬೆಟ್ಟಿಂಗು ಅಂತ ಅಕ್ಕಪಕ್ಕದವರು ದೂರಿದರು, ಕಟ್ಟಡದ ಮಾಲೀಕರು ಬಾಡಿಗೆ ಕರಾರು ಮುಂದುವರಿಸಲಿಲ್ಲ. ದೂರಿನಲ್ಲಿ ಅರ್ಧ ನಿಜವೂ ಇತ್ತು, ಇಲ್ಲ ಅನ್ನುವುದಿಲ್ಲ. ಆದರೆ ಆ ಅರಸೀಕೆರೆ ಹುಡುಗನಂಥವರು ಈಗ ಎಲ್ಲಿ ಆಡುತ್ತಾರೆ? ಪಾರ್ಲರ್ ನಡೆಸುತ್ತಿದ್ದ ಅಣ್ಣ ಒಂದು ಟೇಬಲ್ ಮಾರಿ, ಉಳಿದ ಎರಡನ್ನು ಹಾಸನದ ಇನ್ನೊಂದು ಬೀದಿಗೆ ಸಾಗಿಸಿದರು. ಟೇಬಲ್ ಬಟ್ಟೆಯ ಕೆಳಗಿರುವ ಕಲ್ಲನ್ನು ಮೆಟ್ಟಿಲಲ್ಲಿ ಇಳಿಸಲು ಆರು ಜನ ಹಿಡಿದೆವು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣುವ ಕೊರತೆ ಬೇರೆ ಇದೆ. ನಮ್ಮ ಕಡೆ ಎಲ್ಲರೂ ಆಡುವುದು ಒಂದೊಂದೇ ಗೇಮ್. ಸೋತವನು ಟೇಬಲ್ ದುಡ್ಡು ಕೊಡಬೇಕು, ಎದ್ದು ಹೋಗಬೇಕು, ಮುಂದಿನವನು ಬರಬೇಕು. ಹತ್ತು ನಿಮಿಷದ ಆಟ. ಇದರಲ್ಲಿ ಯಾರಿಗೂ ಕುರ್ಚಿ ಅಭ್ಯಾಸ ಆಗುವುದೇ ಇಲ್ಲ. ಪಾಟ್ ಮಾಡುವುದರಲ್ಲಿ ನಮ್ಮ ಹುಡುಗರು ಯಾರಿಗೂ ಕಡಿಮೆ ಇಲ್ಲ, ನಾನೇ ಕಣ್ಣಾರೆ ನೋಡಿದ್ದೇನೆ. 13ಕ್ಕೋ 15ಕ್ಕೋ ಆಡುವ ಆಟದಲ್ಲಿ ಮುಕ್ಕಾಲು ಗಂಟೆ ಸುಮ್ಮನೆ ಕುಳಿತು, ಆಮೇಲೆ ಎದ್ದು, 30 ಸೆಕೆಂಡಿನ ಗಡಿಯಾರ ಓಡುತ್ತಿರುವಾಗ, ತಣ್ಣಗಾದ ಕೈಯಲ್ಲಿ ಮೊದಲ ಹೊಡೆತವೇ ಸರಿ ಹೊಡೆಯಬೇಕು. ಅದಕ್ಕೆ ಬೇರೆಯೇ ತಯಾರಿ ಬೇಕು. ನಮ್ಮ ಕಡೆ ಕಾಫಿ ಬೆಳೆಯುವವರಿಗೆ ಇದು ಬೇಗ ಅರ್ಥ ಆಗುತ್ತದೆ. ಮಾರ್ಚಿನಲ್ಲಿ ಹೂಮಳೆ ಬರುವವರೆಗೆ ಆಕಾಶ ನೋಡುತ್ತಾ ಕೂರಬೇಕು, ಬಂದ ದಿನ ಮಾತ್ರ ಒಂದು ಗಳಿಗೆಯೂ ತಡ ಮಾಡುವ ಹಾಗಿಲ್ಲ.

ಅದಕ್ಕೇ ನಾವು ಕೆಲವರು ಸೇರಿ ಭಾನುವಾರ ಬೆಳಿಗ್ಗೆ ಉದ್ದದ ಆಟ ಶುರು ಮಾಡಿದೆವು. ನೈನ್ ಬಾಲ್, 9ಕ್ಕೆ, ಗೆದ್ದವನದೇ ಬ್ರೇಕ್. ಟೇಬಲ್ ದುಡ್ಡು ಇಬ್ಬರೂ ಅರ್ಧ ಅರ್ಧ. ಮೊದಲ ತಿಂಗಳು ಹುಡುಗರಿಗೆ ಹಿಂಸೆ ಆಯಿತು. ಕುಳಿತವನು ಫೋನ್ ತೆಗೆಯುತ್ತಿದ್ದ. ಫೋನ್ ಒಳಗಿಡಿಸಿದೆವು. ಆಮೇಲೆ ಚಾಕ್ ತಿಕ್ಕಲು ಶುರು ಮಾಡಿದರು. ಚಾಕ್ ಟೇಬಲ್ ಮೇಲೇ ಇರಲಿ, ಕುರ್ಚಿಗೆ ತರಬೇಡಿ ಅಂದೆವು. ಈಗ ಇಬ್ಬರು ಮೂವರು ಚೆನ್ನಾಗಿ ಕೂರುತ್ತಾರೆ. ಅದನ್ನು ಹೇಳಲು ಬೇರೆ ಮಾತು ನನಗೆ ಗೊತ್ತಿಲ್ಲ, ಚೆನ್ನಾಗಿ ಕೂರುತ್ತಾರೆ.

ಅಂದ ಹಾಗೆ 2024ರ ಆ ಕೊನೆಯ ರ್ಯಾಕ್. ಕರೆಂಟ್ ಬೆಳಿಗ್ಗೆ ಬಂತು. 15-14, ಗೋರ್ಸ್ಟ್ ಗೆದ್ದಿದ್ದ. 19 ವರ್ಷಕ್ಕೇ, 2019ರಲ್ಲಿ ಒಂದು ಸಲ ಚಾಂಪಿಯನ್ ಆಗಿದ್ದವನಿಗೆ ಇದು ಎರಡನೆಯದು. ಮರುದಿನ ಪೂರ್ತಿ ಪಂದ್ಯ ನೋಡಿದೆ, ಆದರೆ ಅಂಕಿ ಗೊತ್ತಾದ ಮೇಲೆ ನೋಡುವುದು ಬೇರೆ.

2025ರ ಜುಲೈನಲ್ಲಿ ಮತ್ತೆ ಜೆಡ್ಡಾದಲ್ಲೇ ಫೈನಲ್. ಗೋರ್ಸ್ಟ್ ಮತ್ತೆ ಬಂದಿದ್ದ, ಎದುರಿಗೆ ನಮ್ಮ ಬಿಯಾಡೊ. ಈ ಸಲ ಮನೆಯಲ್ಲಿ ನೋಡಲಿಲ್ಲ. ಪಾರ್ಲರ್ ಅಣ್ಣ ಇನ್ವರ್ಟರ್ ಹಾಕಿಸಿದ್ದರು, ಗೋಡೆಗೆ ಟಿವಿ ಸಿಕ್ಕಿಸಿದ್ದರು. ಎಂಟು ಜನ ಇದ್ದೆವು. ದೊಡ್ಡಪ್ಪನನ್ನೂ ಕರೆದುಕೊಂಡು ಬಂದಿದ್ದೆ, ಈಗ ಎಪ್ಪತ್ತು ದಾಟಿದೆ, ಮಂಕಿ ಟೋಪಿ ಹಾಕಿಕೊಂಡು ಮೊದಲ ಸಾಲಿನಲ್ಲಿ ಕುಳಿತಿದ್ದರು. ಹೊರಗೆ ಮಳೆ. ಒಂದು ರ್ಯಾಕ್ ಈ ಕಡೆ, ಒಂದು ಆ ಕಡೆ. ಬಿಯಾಡೊ 15-13ಕ್ಕೆ ಗೆದ್ದಾಗ ಹುಡುಗರು ಕೂಗಿದ ಕೂಗಿಗೆ ಕೆಳಗಿನ ಮನೆಯಲ್ಲಿ ಲೈಟ್ ಹತ್ತಿತು. ಎಂಟು ವರ್ಷದ ಮೇಲೆ ಮತ್ತೆ ವಿಶ್ವ ಚಾಂಪಿಯನ್!

ದೊಡ್ಡಪ್ಪ ಕೂಗಲಿಲ್ಲ. ಟಿವಿಯ ಕಡೆಗೇ ನೋಡುತ್ತಾ ಕೇಳಿದರು, "ಸೋತೋನು ಹೋದ ವರ್ಷ ಗೆದ್ದೋನೇ ಅಲ್ವಾ?" ಹೌದು ಅಂದೆ. "ಬರ್ತಾನೆ ಬಿಡು," ಅಂದರು.

ಮನೆಗೆ ಹೋಗಲು ಯಾರಿಗೂ ಮನಸ್ಸಿರಲಿಲ್ಲ. ಇಬ್ಬರು ಹುಡುಗರು ಟೇಬಲ್ ಮೇಲಿನ ಹೊದಿಕೆ ತೆಗೆದರು. ಒಬ್ಬ ಒಂಬತ್ತು ಬಾಲ್ ಜೋಡಿಸಿ, ರ್ಯಾಕ್ ಎತ್ತಿ, ನನ್ನ ಕಡೆ ನೋಡಿದ. 9ಕ್ಕೆ ಆಡೋಣ ಅಂದೆ. ಯಾರು ಬ್ರೇಕ್ ಅಂತ ಇಬ್ಬರೂ ಒಂದೊಂದು ಬಾಲನ್ನು ಆ ಕಡೆಯ ಕುಷನ್‌ಗೆ ಕಳಿಸಿದೆವು. ಅವನದು ಈ ಕಡೆಯ ಕುಷನ್ನಿಗೆ ಎರಡು ಬೆರಳು ದೂರದಲ್ಲಿ ಬಂದು ನಿಂತಿತು, ನನ್ನದು ಒಂದು ಗೇಣು. ಬ್ರೇಕ್ ಅವನದು. ನಾನು ಚಾಕನ್ನು ಟೇಬಲ್ ಅಂಚಿನ ಮೇಲೆ ಇಟ್ಟು, ಹೋಗಿ ಕುರ್ಚಿಯಲ್ಲಿ ಕುಳಿತೆ.